ಕಳ್ಳನ ಊಹೆಗೆ ಸಿಗದ ಗಸ್ತು: ಗೇಮ್ ಥಿಯರಿ ಬಳಸಿ ಶ್ರೀಗಂಧದ ಕಾಡು ಕಾಯುವ ಬಗೆ

"ನಾವು ಇರೋದೇ ನಾಲ್ಕೈದು ಜನ. ಪ್ರತಿ ರಾತ್ರಿ ಗಸ್ತು ಹೋಗ್ತೀವಿ. ಆದ್ರೂ ಗಂಧದ ಮರ ಹೋಗ್ತಾನೇ ಇದೆ. ಏನು ಮಾಡೋದು?"

ಗ್ರಾಮ ಅರಣ್ಯ ಸಮಿತಿಯವರು, ಗಂಧ ಬೆಳೆದ ರೈತರು, ಕೆಲವೊಮ್ಮೆ ಗಸ್ತು ಅರಣ್ಯ ಪಾಲಕರೂ ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ನಾನು ತಿರುಗಿ ಕೇಳುತ್ತೇನೆ: ಎಷ್ಟು ಗಂಟೆಗೆ ಹೊರಡುತ್ತೀರಿ? "ಊಟ ಮುಗಿಸಿ ಹತ್ತಕ್ಕೆ." ಎಲ್ಲಿಂದ ಒಳಗೆ ಹೋಗುತ್ತೀರಿ? "ರಸ್ತೆ ಕಡೆಯಿಂದ, ಗಾಡಿ ಅಲ್ಲೇ ನಿಲ್ಲೋದು." ವಾಪಸ್ ಬರೋದು? "ಒಂದೂವರೆ ಒಳಗೆ." ಎರಡು ನಿಮಿಷದ ಮಾತಿನಲ್ಲಿ ನನಗೆ ಇಷ್ಟು ಗೊತ್ತಾಯಿತು. ಒಂದು ವಾರ ದೂರದಲ್ಲಿ ಕೂತು ನೋಡಿದ ಕಳ್ಳನಿಗೆ ಎಲ್ಲವೂ ಗೊತ್ತಿರುತ್ತದೆ, ಅಲ್ವಾ?

ಅವನು ಒಂದೂ ಮುಕ್ಕಾಲಿಗೆ ಬರುತ್ತಾನೆ.

ನಿಮ್ಮ ಶ್ರಮ ಕಡಿಮೆ ಅಂತ ನಾನು ಹೇಳುತ್ತಿಲ್ಲ. ಅದೇ ಶ್ರಮವನ್ನು, ಅದೇ ಜನರನ್ನು, ಕಳ್ಳನಿಗೆ ಲೆಕ್ಕ ಸಿಗದ ಹಾಗೆ ಹಂಚುವುದು ಹೇಗೆ ಅನ್ನುವುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಕಂಪ್ಯೂಟರ್ ಬೇಡ. ಕೂಡುವುದು, ಕಳೆಯುವುದು, ಭಾಗಿಸುವುದು ಬಂದರೆ ಸಾಕು.

ಮೊದಲು ಸ್ವಲ್ಪ ಹಿನ್ನೆಲೆ

ಗೇಮ್ ಥಿಯರಿ ಅಂದರೆ ಆಟದ ಲೆಕ್ಕ. ನನ್ನ ಲಾಭ ನಷ್ಟ ನನ್ನ ನಡೆಯ ಮೇಲಷ್ಟೇ ಅಲ್ಲದೆ ಎದುರಿನವನ ನಡೆಯ ಮೇಲೂ ನಿಂತಿದ್ದಾಗ ನಾನು ಯಾವ ನಡೆ ಇಡಬೇಕು ಎಂದು ಹೇಳುವ ಗಣಿತ ಇದು. ಆಡು ಹುಲಿ ಆಟ ಆಡಿದವರಿಗೆ ಇದು ಹೊಸದಲ್ಲ. ಹುಲಿ ಎಲ್ಲಿಗೆ ಹಾರಬಹುದು ಅಂತ ನೋಡಿಯೇ ಆಡನ್ನು ಸರಿಸುತ್ತೇವೆ. ನೀನು ಚಾಪೆ ಕೆಳಗೆ ತೂರಿದರೆ ಅವನು ರಂಗೋಲಿ ಕೆಳಗೆ ತೂರುತ್ತಾನೆ ಎನ್ನುವ ಗಾದೆಯೂ ಇದೇ ಮಾತು.

ಇದರಲ್ಲಿ ನಮಗೆ ಬೇಕಾದ ಒಂದು ಬಗೆ ಇದೆ. ಜರ್ಮನಿಯ ಅರ್ಥಶಾಸ್ತ್ರಜ್ಞ ಹೈನ್‌ರಿಷ್ ಫಾನ್ ಸ್ಟಾಕೆಲ್‌ಬರ್ಗ್ 1934ರಲ್ಲಿ ವ್ಯಾಪಾರದ ಪೈಪೋಟಿಯ ಬಗ್ಗೆ ಬರೆದದ್ದು. ಒಬ್ಬ ಮೊದಲು ನಡೆ ಇಡುತ್ತಾನೆ, ಇನ್ನೊಬ್ಬ ಅದನ್ನು ನೋಡಿಕೊಂಡು ತನ್ನ ನಡೆ ಇಡುತ್ತಾನೆ. ಕಾಡಿನಲ್ಲಿ ಮೊದಲ ನಡೆ ಇಡುವವರು ನಾವು. ಗಸ್ತಿನವರು ಮೊದಲು ಓಡಾಡುತ್ತಾರೆ, ಕಳ್ಳ ನೋಡುತ್ತಾನೆ, ಆಮೇಲೆ ಬರುತ್ತಾನೆ. ಹಾಗಾಗಿ ಅವನು ನೋಡಿದರೂ ಉಪಯೋಗಕ್ಕೆ ಬರಬಾರದು, ಅಂಥ ನಡೆಯನ್ನೇ ನಾವು ಇಡಬೇಕು.

2007ರಲ್ಲಿ ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿ ಪೊಲೀಸ್ ತಪಾಸಣೆ ಎಲ್ಲಿ, ಯಾವಾಗ ಅಂತ ನಿರ್ಧರಿಸಲು ಇದನ್ನೇ ಬಳಸಿದರು. ಆ ತಂಡದ ಮುಂದಾಳು ಭಾರತ ಮೂಲದ ಮಿಲಿಂದ್ ತಾಂಬೆ. ಮುಂದೆ ಅವರ ತಂಡ ಇದನ್ನು ಕಾಡಿಗೆ ತಂದು ಪಾಸ್ (PAWS) ಎಂಬ ತಂತ್ರಾಂಶ ಮಾಡಿತು. ಉಗಾಂಡದ ಕ್ವೀನ್ ಎಲಿಜಬೆತ್ ರಾಷ್ಟ್ರೀಯ ಉದ್ಯಾನ, ಕಾಂಬೋಡಿಯದ ಸ್ರೆಪೋಕ್ ಅಭಯಾರಣ್ಯ ಮುಂತಾದ ಕಡೆ ಬೇಟೆ ತಡೆಯಲು ಅದನ್ನು ಪ್ರಯೋಗಿಸಿದರು. ಮರಗಳ್ಳತನದ ಮೇಲೆಯೂ ಕೆಲಸ ಆಗಿದೆ. ಮಡಗಾಸ್ಕರ್‌ನಲ್ಲಿ ರೋಸ್‌ವುಡ್ ಮತ್ತು ಎಬೊನಿ ಮರ ಕಡಿಯುವುದನ್ನು ತಡೆಯಲು ಯಾರ ಯಾರ ತಂಡ ಕಟ್ಟಬೇಕು, ಎಲ್ಲಿ ನಿಲ್ಲಿಸಬೇಕು ಎನ್ನುವ ಲೆಕ್ಕ 2016ರಲ್ಲಿ ಪ್ರಕಟವಾಯಿತು. ಅದರ ಒಂದು ಪಾಠ ಮುಂದೆ ನಮಗೆ ಬೇಕಾಗುತ್ತದೆ.

ನಾನು ಶ್ರೀಗಂಧವನ್ನೇ ಉದಾಹರಣೆ ಮಾಡಿಕೊಂಡಿದ್ದೇನೆ. ನಮ್ಮಲ್ಲಿ ಜಾಸ್ತಿ ಕೇಳುವುದು ಅದರ ಬಗ್ಗೆ. ರಕ್ತಚಂದನ, ಬೀಟೆ, ತೇಗಕ್ಕೂ ಲೆಕ್ಕ ಇದೇ.

ಏನೇನು ಬೇಕು?

ಕಾಡಿನ ಒಂದು ಕೈನಕ್ಷೆ. ಒಂದು ನೋಟ್ ಪುಸ್ತಕ. ಒಂದೇ ಕಾಗದದಿಂದ ಒಂದೇ ಅಳತೆಗೆ ಕತ್ತರಿಸಿದ ಚೀಟಿಗಳು. ಮುಚ್ಚಳ ಇರುವ ಎರಡು ಡಬ್ಬಿ. ಕಾಡನ್ನು ಚೆನ್ನಾಗಿ ಬಲ್ಲ ನಾಲ್ಕೈದು ಜನ. ಇವೆಲ್ಲಕ್ಕಿಂತ ಮೊದಲು, ನಿಮ್ಮ ವಲಯ ಅರಣ್ಯ ಅಧಿಕಾರಿಯ ಒಪ್ಪಿಗೆ. ಮೀಸಲು ಅರಣ್ಯದೊಳಗೆ ರಾತ್ರಿ ಹೊತ್ತು ನೀವೇ ನೀವಾಗಿ ಓಡಾಡುವಂತಿಲ್ಲ. ಇಲಾಖೆಗೆ ಗೊತ್ತಿಲ್ಲದೆ ಹೋದರೆ ಕಳ್ಳ ಯಾರು, ಕಾಯುವವರು ಯಾರು ಅಂತ ಕತ್ತಲಲ್ಲಿ ಯಾರಿಗೂ ತಿಳಿಯುವುದಿಲ್ಲ.

ಹಂತ 1: ಎದುರಾಳಿ ಯಾರು ಅಂತ ಸರಿಯಾಗಿ ಗುರುತಿಸಿ

ಗಂಧ ಕದಿಯುವವನು ಒಂದೇ ಮರಕ್ಕಾಗಿ ಬರುತ್ತಾನೆ. ನೋಡಿ ಹೋಗಿರುತ್ತಾನೆ, ಮಾರುವ ದಾರಿ ಮೊದಲೇ ಮಾಡಿಕೊಂಡಿರುತ್ತಾನೆ. ಸೌದೆ ಹೊತ್ತು ತರುವ ಹೆಂಗಸರ ಲೆಕ್ಕವೇ ಬೇರೆ. ಅವರನ್ನು ಈ ಆಟದಲ್ಲಿ ಎದುರಾಳಿ ಮಾಡಬೇಡಿ. ಅವರು ನಿಮ್ಮ ಕಣ್ಣು. ಕಾಡಿನಲ್ಲಿ ಹೊಸ ಮುಖ, ಹೊಸ ಗಾಡಿ ಗುರುತು ಮೊದಲು ಕಾಣುವುದು ಅವರಿಗೆ, ದನ ಕಾಯುವವರಿಗೆ. ಅವರನ್ನು ಗದರಿಸಿ ಓಡಿಸಿದ ಊರಿನಲ್ಲಿ ಸುದ್ದಿಯೂ ನಿಂತುಹೋಗುತ್ತದೆ.

ನಿಮ್ಮ ಸಮಸ್ಯೆ ನಿಜಕ್ಕೂ ಸೌದೆಯದ್ದೇ ಆಗಿದ್ದರೆ ಈ ಲೇಖನದ ಲೆಕ್ಕ ಹೊಂದುವುದಿಲ್ಲ. ಅದಕ್ಕೆ 2012ರ ಒಂದು ಅಧ್ಯಯನದ ಮಾತು ಉಪಯೋಗಕ್ಕೆ ಬರುತ್ತದೆ. ಸೌದೆಗೆ ಬರುವವರು ಅಂಚಿನಿಂದ ಒಳಗೆ ಬರುತ್ತಾರೆ, ಒಳಗೆ ಹೋದಷ್ಟೂ ನಡಿಗೆ ಜಾಸ್ತಿ. ಆದ್ದರಿಂದ ಇಡೀ ಕಾಡಿಗೆ ಸಮನಾಗಿ ಗಸ್ತು ಹರಡುವುದಕ್ಕಿಂತ ಕಾಡಿನ ಸುತ್ತ ಬಳೆಯ ಹಾಗೆ ಒಂದು ಪಟ್ಟಿಯಲ್ಲಿ ಗಸ್ತು ಗಟ್ಟಿ ಮಾಡಿದರೆ ಒಳಗಾಡು ಹೆಚ್ಚು ಉಳಿಯುತ್ತದೆ.

ಹಂತ 2: ಕಾಡನ್ನು ತುಂಡುಗಳಾಗಿ ಹಂಚಿ

ಒಂದು ತಂಡ ಒಂದು ಪಾಳಿಯಲ್ಲಿ, ಅಂದರೆ ಎರಡು ಮೂರು ಗಂಟೆಯಲ್ಲಿ, ಸರಿಯಾಗಿ ಸುತ್ತಿ ಮುಗಿಸುವಷ್ಟು ಜಾಗ ಒಂದು ತುಂಡು. ನಾಲ್ಕರಿಂದ ಎಂಟು ತುಂಡು ಸಾಕು. ಹಳ್ಳ, ಕಾಲುದಾರಿ, ದಿಣ್ಣೆ ಇವುಗಳನ್ನೇ ಗಡಿ ಮಾಡಿಕೊಳ್ಳಿ. ಕತ್ತಲಲ್ಲೂ ಕಾಲಿಗೆ ತಿಳಿಯುವ ಗಡಿ ಅದೇ. ಊರಿನ ಬಾಯಲ್ಲಿರುವ ಹೆಸರುಗಳನ್ನೇ ಇಡಿ.

ಇಲ್ಲಿ ಒಂದು ಎಚ್ಚರಿಕೆ. ಎಲ್ಲಿ ದಪ್ಪ ಮರ ಇದೆ ಎಂದು ಗುರುತು ಮಾಡಿದ ನಕ್ಷೆಯ ಫೋಟೋ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಗುಂಪಿನಲ್ಲಿ ಐವತ್ತು ಜನ ಇದ್ದರೆ ಆ ಫೋಟೋ ಇನ್ನೆಷ್ಟು ಕಡೆ ಹೋಗುತ್ತದೋ ಯಾರಿಗೂ ಗೊತ್ತಿಲ್ಲ. ನಕ್ಷೆ ಕಾಗದದಲ್ಲೇ ಇರಲಿ, ಒಂದೇ ಪ್ರತಿ ಇರಲಿ.

ಹಂತ 3: ಪ್ರತಿ ತುಂಡಿಗೂ ಅಂಕ ಕೊಡಿ, ಕಳ್ಳನ ಕಣ್ಣಿನಿಂದ

ಎಲ್ಲರೂ ಎಡವುವುದು ಇಲ್ಲೇ. ನಮಗೆ ಯಾವ ಮರ ಇಷ್ಟ ಎನ್ನುವುದು ಇಲ್ಲಿ ಮುಖ್ಯ ಅಲ್ಲ. ದೇವಸ್ಥಾನದ ಹಿಂದಿನ ಹಳೆಯ ಮರದ ಮೇಲೆ ಊರಿಗೆಲ್ಲ ಪ್ರೀತಿ ಇರಬಹುದು. ಆದರೆ ಅಲ್ಲಿ ರಾತ್ರಿಯಿಡೀ ದೀಪ ಇದೆ, ನಾಯಿ ಇದೆ. ಕಳ್ಳನಿಗೆ ಅದು ಬೇಡದ ಮರ.

ಕಳ್ಳನಿಗೆ ಬೇಕಾದದ್ದು ಚೇಗು, ಅಂದರೆ ಕಾಂಡದ ಒಳಗಿನ ಗಟ್ಟಿಯಾದ, ಪರಿಮಳದ ತಿರುಳು. ಹೊರಗಿನ ಬಿಳಿ ಭಾಗಕ್ಕೆ ವಾಸನೆ ಇಲ್ಲ, ಬೆಲೆಯೂ ಕಡಿಮೆ. ಎಣ್ಣೆ ಜಾಸ್ತಿ ಇರುವುದು ಬೇರು, ಬುಡದ ಕಡೆ. ಅದಕ್ಕೇ ಕೆಲವು ಕಡೆ ಬುಡವನ್ನೇ ಅಗೆದು ತೆಗೆದಿರುತ್ತಾರೆ. ದಪ್ಪ ಇದ್ದ ಮರದಲ್ಲೆಲ್ಲ ಚೇಗು ಇರುತ್ತದೆ ಅಂತ ಇಲ್ಲ. ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಹಾಗಾಗಿ ಕಳ್ಳ ಮೊದಲೇ ಬಂದು ಪರೀಕ್ಷೆ ಮಾಡಿ ಹೋಗುತ್ತಾನೆ. ಕಾಂಡದಲ್ಲಿ ಬೆರಳು ಹೋಗುವಷ್ಟು ಸಣ್ಣ ತೂತು, ಅಥವಾ ಮಚ್ಚಿನಿಂದ ಎಬ್ಬಿಸಿದ ಒಂದು ಚಕ್ಕೆ. ಕೆಲವರು ಅದರ ಮೇಲೆ ಮಣ್ಣು ಮೆತ್ತಿರುತ್ತಾರೆ. ಮಣ್ಣನ್ನು ಉಗುರಿನಿಂದ ಕೆರೆದು ನೋಡಿ. ಒಳಗಿನ ಮರ ಇನ್ನೂ ಹಸಿಯಾಗಿ, ಹೊಸದಾಗಿ ಕಂಡರೆ ಅವನು ಬಂದು ಹೋಗಿ ಜಾಸ್ತಿ ದಿನ ಆಗಿಲ್ಲ. ಆ ತುಂಡಿನ ಅಂಕವನ್ನು ಅವತ್ತೇ ಏರಿಸಿ.

ಅಂಕ ಕೊಡುವಾಗ ಈ ನಾಲ್ಕನ್ನು ನೋಡಿ: ಚೇಗು ಕಟ್ಟಿದ ಮರ ಎಷ್ಟಿವೆ, ಗಾಡಿ ನಿಲ್ಲುವ ಜಾಗ ಎಷ್ಟು ಹತ್ತಿರ, ಗರಗಸದ ಸದ್ದು ಮನೆಗಳಿಗೆ ಕೇಳುತ್ತದಾ, ಹಿಂದೆ ಅಲ್ಲಿ ಕಡಿದಿದ್ದಾರಾ. ಒಂದರಿಂದ ಹತ್ತರವರೆಗೆ ಅಂಕ ಇರಲಿ. ಐದು ಜನ ಬೇರೆ ಬೇರೆ ಕೂತು ಬರೆಯಿರಿ, ಆಮೇಲೆ ಮಧ್ಯದ ಅಂಕ ತೆಗೆದುಕೊಳ್ಳಿ. ಒಟ್ಟಿಗೆ ಕೂತರೆ ಹಿರಿಯರು ಹೇಳಿದ ಅಂಕಕ್ಕೇ ಎಲ್ಲರೂ ತಲೆ ಆಡಿಸುತ್ತಾರೆ.

ಉದಾಹರಣೆಗೆ ನಾಲ್ಕು ತುಂಡು ಇಟ್ಟುಕೊಳ್ಳೋಣ. ರಸ್ತೆಬದಿ 10. ಕೆರೆಹಿಂದೆ 8. ದಿಣ್ಣೆ 5. ಒಳಗಾಡು 2. ಇದು ಲೆಕ್ಕ ತೋರಿಸಲು ನಾನೇ ಇಟ್ಟ ಅಂಕ. ನಿಮ್ಮದು ಬೇರೆ ಬರುತ್ತದೆ.

ಹಂತ 4: ಸಿಕ್ಕಿಬಿದ್ದರೆ ಅವನು ಕಳೆದುಕೊಳ್ಳುವುದೆಷ್ಟು?

ಇದಕ್ಕೂ ಒಂದು ಅಂಕ ಬೇಕು. ಬಂಧನ, ಕೇಸು, ಗಾಡಿ ಜಪ್ತಿ, ಮಾಲು ಹೋಗುವುದು ಎಲ್ಲ ಸೇರಿ. ಕೇಸು ಗಟ್ಟಿಯಾಗಿ ನಿಲ್ಲುತ್ತದೆ ಎಂದಾದರೆ 10 ಇಡಿ. ಹಿಡಿದವರು ಮೂರನೇ ದಿನಕ್ಕೆ ಆಚೆ ಬಂದು ಮತ್ತೆ ಅದೇ ಕೆಲಸಕ್ಕೆ ಇಳಿಯುತ್ತಾರೆ ಎಂದಾದರೆ 2 ಅಂತಲೇ ಬರೆಯಿರಿ. ನಿಜ ಬರೆಯಿರಿ. ಈ ಒಂದು ಅಂಕ ಎಷ್ಟು ದೊಡ್ಡ ವ್ಯತ್ಯಾಸ ಮಾಡುತ್ತದೆ ಅಂತ ಮುಂದಿನ ಹಂತದಲ್ಲಿ ನೋಡಿ.

ಹಂತ 5: ಲೆಕ್ಕ

ಒಂದು ತುಂಡಿನ ಮೇಲೆ ಕಳ್ಳನಿಗೆ ಇರುವ ಸೆಳೆತವನ್ನು ಹೀಗೆ ಲೆಕ್ಕ ಹಾಕಿ:

ಸೆಳೆತ = ತುಂಡಿನ ಅಂಕ − ಗಸ್ತಿನ ಪಾಲು × (ತುಂಡಿನ ಅಂಕ + ಸಿಕ್ಕಿಬಿದ್ದರೆ ಕಳೆಯುವ ಅಂಕ)

ಗಸ್ತಿನ ಪಾಲು ಅಂದರೆ ತಿಂಗಳ 30 ರಾತ್ರಿಯಲ್ಲಿ ನೀವು ಎಷ್ಟು ರಾತ್ರಿ ಆ ತುಂಡಿನಲ್ಲಿ ಇರುತ್ತೀರಿ ಎನ್ನುವುದು. 15 ರಾತ್ರಿ ಇದ್ದರೆ ಅರ್ಧ, ಅಂದರೆ 0.5.

ಒಂದೇ ತಂಡ, ರಾತ್ರಿಗೆ ಒಂದೇ ತುಂಡು, ಕಳೆಯುವ ಅಂಕ 10 ಎಂದು ಇಟ್ಟುಕೊಂಡು ಮೂರು ಬಗೆಯ ಹಂಚಿಕೆ ನೋಡೋಣ.

ಮೊದಲನೆಯದು, ಎಲ್ಲ 30 ರಾತ್ರಿಯೂ ರಸ್ತೆಬದಿ. ಬೆಲೆ ಇರುವುದು ಅಲ್ಲೇ ತಾನೆ ಅಂತ ಬಹಳ ಕಡೆ ಹೀಗೇ ಮಾಡುತ್ತಾರೆ. ಕಳ್ಳ ಸುಮ್ನೆ ಕೆರೆಹಿಂದೆ ಹೋಗುತ್ತಾನೆ. ಅಲ್ಲಿ ಗಸ್ತು ಸೊನ್ನೆ, ಸೆಳೆತ ಪೂರ್ತಿ 8.

ಎರಡನೆಯದು, ನಾಲ್ಕಕ್ಕೂ ಸಮ ಪಾಲು, ಅಂದರೆ 0.25. ರಸ್ತೆಬದಿಯ ಸೆಳೆತ 10 − 0.25 × 20 = 5. ಕೆರೆಹಿಂದೆ 3.5. ದಿಣ್ಣೆ 1.25. ಒಳಗಾಡು −1. ಕಳ್ಳ ರಸ್ತೆಬದಿಗೆ ಬರುತ್ತಾನೆ, ಅವನಿಗೆ ಸಿಗುವುದು 5. ಒಳಗಾಡಿನಲ್ಲಿ ಯಾರೂ ಬಾರದ ಜಾಗವನ್ನು ನೀವು ಏಳೆಂಟು ರಾತ್ರಿ ಕಾದಿರುತ್ತೀರಿ.

ಮೂರನೆಯದು, ಸೆಳೆತವನ್ನು ಸಮ ಮಾಡುವ ಹಂಚಿಕೆ. ಯಾವ ತುಂಡಿನ ಸೆಳೆತ ಜಾಸ್ತಿ ಇದೆಯೋ ಅಲ್ಲಿಗೆ ಒಂದು ರಾತ್ರಿ ಸೇರಿಸಿ, ಕಡಿಮೆ ಇರುವ ಕಡೆಯಿಂದ ಒಂದು ತೆಗೆಯಿರಿ. ಮತ್ತೆ ಲೆಕ್ಕ ಹಾಕಿ. ನಾಲ್ಕೂ ಹೆಚ್ಚು ಕಡಿಮೆ ಒಂದೇ ಮಟ್ಟಕ್ಕೆ ಬರುವ ತನಕ ಹೀಗೇ ಮಾಡಿ. ನಮ್ಮ ಉದಾಹರಣೆಯಲ್ಲಿ ಇದು ಇಲ್ಲಿಗೆ ನಿಲ್ಲುತ್ತದೆ:

ರಸ್ತೆಬದಿ 12 ರಾತ್ರಿ, ಸೆಳೆತ 2.
ಕೆರೆಹಿಂದೆ 10 ರಾತ್ರಿ, ಸೆಳೆತ 2.
ದಿಣ್ಣೆ 7 ರಾತ್ರಿ, ಸೆಳೆತ 1.5.
ಒಳಗಾಡು 1 ರಾತ್ರಿ, ಸೆಳೆತ 1.6.

ಈಗ ಕಳ್ಳ ಎಲ್ಲಿಗೆ ಬಂದರೂ 2ಕ್ಕಿಂತ ಜಾಸ್ತಿ ಸಿಗುವುದಿಲ್ಲ. ಅದೇ ಜನ, ಅದೇ 30 ರಾತ್ರಿ. 8 ಇದ್ದದ್ದು 2ಕ್ಕೆ ಇಳಿಯಿತು. ಈ ಹಂಚಿಕೆ ಕಳ್ಳನಿಗೆ ಪೂರ್ತಿ ಗೊತ್ತಾದರೂ ಇವತ್ತು ರಾತ್ರಿ ನೀವು ಎಲ್ಲಿ ಎನ್ನುವುದು ಗೊತ್ತಾಗದಿದ್ದರೆ ಅವನ ಲಾಭ ಅಷ್ಟಕ್ಕೇ ನಿಲ್ಲುತ್ತದೆ. ಈ ಲೆಕ್ಕದ ಜೀವ ಇರುವುದೇ ಅಲ್ಲಿ.

ಲೆಕ್ಕ ಬೇಸರ ಅನ್ನುವವರಿಗೆ ಒಂದು ಒಳದಾರಿ: ಅಂಕಕ್ಕೆ ತಕ್ಕ ಹಾಗೆ ರಾತ್ರಿಗಳನ್ನು ಹಂಚಿ. ಒಟ್ಟು ಅಂಕ 25, ರಸ್ತೆಬದಿಗೆ 25ರಲ್ಲಿ 10 ಪಾಲು, ಹೀಗೆ. ನಮ್ಮ ಉದಾಹರಣೆಯಲ್ಲಿ ಆಗ ಅತಿ ಹೆಚ್ಚಿನ ಸೆಳೆತ 2.24. ಅಷ್ಟೇನೂ ಕೆಟ್ಟದ್ದಲ್ಲ. ಶುರು ಮಾಡಲು ಸಾಕು.

ಈಗ ಇದೇ ಸೂತ್ರವನ್ನು ತಿರುಗಿಸಿ ನೋಡಿ. ಸೆಳೆತ ಸೊನ್ನೆಗೆ ಇಳಿಯಬೇಕಾದರೆ, ಅಂದರೆ ಬರುವುದೇ ನಷ್ಟ ಎಂದು ಕಳ್ಳನಿಗೆ ಅನ್ನಿಸಬೇಕಾದರೆ, ಎಷ್ಟು ರಾತ್ರಿ ಬೇಕು? ರಸ್ತೆಬದಿಗೆ 15, ಕೆರೆಹಿಂದೆ 14, ದಿಣ್ಣೆಗೆ 10, ಒಳಗಾಡಿಗೆ 5. ಒಟ್ಟು 44. ನಿಮ್ಮ ತಂಡದಿಂದ 30 ಬರುತ್ತದೆ. ಇನ್ನು 14 ರಾತ್ರಿ ಇನ್ನೊಂದು ತಂಡ ಬೇಕು. ಇಲಾಖೆಯ ಮುಂದೆ ಹೋಗಿ "ಸಿಬ್ಬಂದಿ ಸಾಲುವುದಿಲ್ಲ" ಅನ್ನುವುದಕ್ಕೂ "ತಿಂಗಳಿಗೆ 14 ರಾತ್ರಿ ಇನ್ನೊಂದು ತಂಡ ಕೊಡಿ, ಲೆಕ್ಕ ಇಲ್ಲಿದೆ" ಅನ್ನುವುದಕ್ಕೂ ಬಹಳ ವ್ಯತ್ಯಾಸ ಇದೆ.

ಕಳೆಯುವ ಅಂಕ 10ರ ಬದಲು 2 ಆದರೆ? ಅದೇ ನಾಲ್ಕು ತುಂಡಿಗೆ 25, 24, 22, 15. ಒಟ್ಟು 86 ರಾತ್ರಿ. ಕೇಸು ಬಿದ್ದುಹೋಗುವ ಕಡೆ ಗಸ್ತು ಹೆಚ್ಚುಕಡಿಮೆ ಎರಡು ಪಟ್ಟು ಬೇಕು. ನನಗೆ ಈ ಇಡೀ ವಿಷಯದಲ್ಲಿ ತುಂಬ ಮುಖ್ಯ ಅನ್ನಿಸುವುದು ಇದೇ. ಮಹಜರು ಸರಿಯಾಗಿ ಬರೆಯದೆ, ಸಾಕ್ಷಿ ಸರಿಯಾಗಿ ಇಡದೆ ಕೇಸು ಕಳೆದುಕೊಂಡರೆ ಅದರ ಬೆಲೆಯನ್ನು ರಾತ್ರಿ ಚಳಿಯಲ್ಲಿ ನಡೆಯುವವನು ತೆರುತ್ತಾನೆ.

ಒಂದು ತಪ್ಪು ಇಲ್ಲಿ ಆಗುತ್ತದೆ. ತುಂಡಿನೊಳಗೆ ಇದ್ದ ಮಾತ್ರಕ್ಕೆ ಕಳ್ಳ ಕಾಣುತ್ತಾನೆ ಅಂತ ಈ ಲೆಕ್ಕ ನಂಬುತ್ತದೆ. ನಿಜದಲ್ಲಿ ಹಾಗಲ್ಲ. ಒಂದು ಪರೀಕ್ಷೆ ಮಾಡಿ. ಒಬ್ಬರು ಹಗಲು ಹೊತ್ತಿನಲ್ಲಿ ಒಂದು ತುಂಡಿನ ಹತ್ತು ಕಡೆ ಬಟ್ಟೆ ಚೂರು ಕಟ್ಟಿ ಬರಲಿ, ಯಾರಿಗೂ ಹೇಳದೆ. ರಾತ್ರಿ ತಂಡ ಎಂದಿನ ಹಾಗೆ ಸುತ್ತಲಿ. ಆರು ಸಿಕ್ಕರೆ ನಿಮ್ಮ ಕಣ್ಣಿನ ಬಲ 0.6. ಗಸ್ತಿನ ಪಾಲನ್ನು ಅದರಿಂದ ಗುಣಿಸಿ ಮತ್ತೆ ಲೆಕ್ಕ ಹಾಕಿ. ನಮ್ಮ ಉದಾಹರಣೆಯಲ್ಲಿ ಆಗ ಹಂಚಿಕೆ 15, 11, 4, 0 ಆಗುತ್ತದೆ, ಸೆಳೆತ 4ರ ಹತ್ತಿರ ಏರುತ್ತದೆ. ಬಲ ಕಡಿಮೆ ಇದ್ದಾಗ ರಾತ್ರಿಗಳು ಬೆಲೆಯ ಜಾಗದ ಕಡೆಗೆ ಇನ್ನೂ ಸರಿಯುತ್ತವೆ. ಬಟ್ಟೆ ಚೂರು ಸದ್ದು ಮಾಡುವುದಿಲ್ಲ, ಗರಗಸ ಮಾಡುತ್ತದೆ ನಿಜ. ಆದರೂ ಏನೂ ಅಳೆಯದೆ ಇರುವುದಕ್ಕಿಂತ ಇದು ಎಷ್ಟೋ ಮೇಲು.

ಹಂತ 6: ಚೀಟಿ ಎತ್ತಿ

12 ಚೀಟಿಯಲ್ಲಿ ರಸ್ತೆಬದಿ, 10ರಲ್ಲಿ ಕೆರೆಹಿಂದೆ, 7ರಲ್ಲಿ ದಿಣ್ಣೆ, 1ರಲ್ಲಿ ಒಳಗಾಡು ಎಂದು ಬರೆಯಿರಿ. ಒಂದೇ ರೀತಿ ಮಡಿಸಿ ಡಬ್ಬಿಗೆ ಹಾಕಿ. ಹೊರಡುವ ಹದಿನೈದು ನಿಮಿಷ ಮೊದಲು ಒಂದು ಎತ್ತಿ. ಎತ್ತಿದ ಚೀಟಿಯನ್ನು ಓದಿ ಮತ್ತೆ ಡಬ್ಬಿಗೇ ಹಾಕಿ.

ವಾಪಸ್ ಹಾಕುವುದನ್ನು ಬಹಳ ಜನ ಮರೆಯುತ್ತಾರೆ. ಹಾಕದಿದ್ದರೆ ಒಳಗಾಡಿನ ಒಂದೇ ಚೀಟಿ ಐದನೇ ತಾರೀಕು ಬಂದುಬಿಟ್ಟರೆ ಉಳಿದ ಇಡೀ ತಿಂಗಳು ಅಲ್ಲಿ ಗಸ್ತು ಇಲ್ಲ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ವಾಪಸ್ ಹಾಕಿದರೆ ಕೆಲವು ತಿಂಗಳು ಒಳಗಾಡು ಬರದೇ ಇರಬಹುದು. ಸರಾಸರಿ ಮೂರು ತಿಂಗಳಿಗೆ ಒಂದು ಸಲ ಹೀಗಾಗುತ್ತದೆ. ಅದಕ್ಕೆ ಗಾಬರಿ ಬೇಡ, ಹಗಲಲ್ಲಿ ಒಮ್ಮೆ ಹೋಗಿ ಬನ್ನಿ.

ಎರಡನೇ ಡಬ್ಬಿ ಸಮಯಕ್ಕೆ. ರಾತ್ರಿ 8ರಿಂದ 11, 11ರಿಂದ 2, 2ರಿಂದ 5. ಶುರುವಿನಲ್ಲಿ ಮೂರಕ್ಕೂ ಸಮ ಚೀಟಿ. ಇದರ ಜೊತೆ ಇನ್ನೊಂದು ಚೀಟಿ ಸೇರಿಸಿ, ಅದರ ಮೇಲೆ "ತಿರುಗಿ ಹೋಗು" ಅಂತ ಬರೆಯಿರಿ. ಆ ಚೀಟಿ ಬಂದ ರಾತ್ರಿ ಸಮಯಕ್ಕೆ ಇನ್ನೊಂದು ಚೀಟಿ ಎತ್ತಿ. ಗಸ್ತು ಮುಗಿಸಿ ಊರಿಗೆ ಬನ್ನಿ, ಗಾಡಿಯ ದೀಪ ಆರಿಸಿ, ಅರ್ಧ ಗಂಟೆ ಬಿಟ್ಟು ಅದೇ ತುಂಡಿಗೆ ಮತ್ತೆ ಹೋಗಿ. ಕಳ್ಳ ಕಾಯುವುದು ನೀವು ವಾಪಸ್ ಹೋಗುವುದನ್ನೇ. ತಿಂಗಳಲ್ಲಿ ಕೆಲವೇ ರಾತ್ರಿ ಹೀಗೆ ಮಾಡಿದರೂ "ಈಗ ಹೋದರು, ಇನ್ನು ಬರೋಲ್ಲ" ಎನ್ನುವ ಅವನ ಧೈರ್ಯ ಹೋಗುತ್ತದೆ.

ಚೀಟಿಗೆ ಕೈ ಹಾಕದೆ ಮನಸ್ಸಿನಲ್ಲೇ "ಅಡ್ಡಾದಿಡ್ಡಿ" ಹೋಗುತ್ತೇವೆ ಅನ್ನುವವರಿದ್ದಾರೆ. ಅದು ಆಗುವುದಿಲ್ಲ. ನಿನ್ನೆ ರಸ್ತೆಬದಿ ಆಯಿತು, ಇವತ್ತು ಬೇರೆ ಕಡೆ ಅಂತ ಮನಸ್ಸು ತಾನಾಗಿಯೇ ಬದಲಾಯಿಸುತ್ತದೆ. ಕಳ್ಳ ಅದನ್ನೂ ಕಲಿಯುತ್ತಾನೆ. ಡಬ್ಬಿಯಿಂದ ಮೂರು ರಾತ್ರಿ ಸಾಲಾಗಿ ರಸ್ತೆಬದಿಯೇ ಬರಬಹುದು. ತಿಂಗಳಲ್ಲಿ ಒಮ್ಮೆಯಾದರೂ ಹೀಗಾಗುವ ಸಾಧ್ಯತೆ ಜಾಸ್ತಿಯೇ. "ಇದು ಸರಿಯಿಲ್ಲ, ಮತ್ತೆ ಎತ್ತೋಣ" ಅನ್ನಬೇಡಿ. ಮತ್ತೆ ಎತ್ತಿದ ಕ್ಷಣವೇ ಲೆಕ್ಕ ಕೆಟ್ಟಿತು.

ಹಬ್ಬ, ಜಾತ್ರೆ, ಜೋರು ಮಳೆ, ಕ್ರಿಕೆಟ್ ಫೈನಲ್ ಇದ್ದ ರಾತ್ರಿ ಗಸ್ತು ತಪ್ಪುವುದು ಮಾಮೂಲು. ಕಳ್ಳನಿಗೂ ಅದು ಗೊತ್ತು. ಮಳೆಯ ಸದ್ದಿನಲ್ಲಿ ಗರಗಸ ಕೇಳುವುದಿಲ್ಲ, ದೀಪಾವಳಿಯ ಪಟಾಕಿಯಲ್ಲಿ ಮರ ಬಿದ್ದದ್ದೂ ಕೇಳುವುದಿಲ್ಲ. ಆ ರಾತ್ರಿಗಳಿಗೆ ಯಾರು ಹೋಗುತ್ತಾರೆ ಅಂತ ವರ್ಷದ ಶುರುವಿನಲ್ಲೇ ಹೆಸರು ಬರೆದಿಡಿ.

ಹಂತ 7: ಕಳ್ಳ ಎದುರಾದರೆ

ಮಡಗಾಸ್ಕರ್ ಲೆಕ್ಕದ ಪಾಠ ಇಲ್ಲಿ ಬರುತ್ತದೆ. ಕಾಡು ಕಾಯಲು ಸೇರುವವರ ಬಲ ಒಂದೇ ತರ ಇರುವುದಿಲ್ಲ. ಕೆಲವರು ಚೆನ್ನಾಗಿ ಪತ್ತೆ ಮಾಡುತ್ತಾರೆ, ಆದರೆ ಹಿಡಿಯಲಾರರು. ಕೆಲವರಿಗೆ ಹಿಡಿಯುವ ಬಲ, ಅಧಿಕಾರ ಎರಡೂ ಇದೆ, ಆದರೆ ಅವರ ಸಂಖ್ಯೆ ಕಡಿಮೆ. ಎರಡನ್ನೂ ಸೇರಿಸಿ ತಂಡ ಕಟ್ಟಬೇಕು. ನಮ್ಮಲ್ಲಿ ಸಮಿತಿಯವರು ಕಣ್ಣು, ಇಲಾಖೆಯವರು ಕೈ.

ಹಾಗಾಗಿ ಕಳ್ಳರ ಮೇಲೆ ಬೀಳಬೇಡಿ. ಅವರ ಕೈಯಲ್ಲಿ ಮಚ್ಚು ಇರುತ್ತದೆ, ಬಂದೂಕೂ ಇರಬಹುದು. ಒಂದು ಮರಕ್ಕಾಗಿ ನಿಮ್ಮಲ್ಲಿ ಒಬ್ಬರ ಜೀವ ಹೋಗುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ದೂರ ನಿಂತು ಎಷ್ಟು ಜನ, ಯಾವ ಕಡೆ, ಗಾಡಿ ಯಾವುದು ಅಂತ ನೋಡಿ. ಗಸ್ತು ಅರಣ್ಯ ಪಾಲಕರಿಗೆ, ಉಪ ವಲಯ ಅರಣ್ಯ ಅಧಿಕಾರಿಗೆ ಫೋನ್ ಮಾಡಿ. ಅವರು ಸಿಗದಿದ್ದರೆ ಅರಣ್ಯ ಸಹಾಯವಾಣಿ 1926, ತುರ್ತು ಇದ್ದರೆ 112. ಸಿಗ್ನಲ್ ಸಿಗುವ ಜಾಗಗಳನ್ನು ಮೊದಲೇ ನಕ್ಷೆಯಲ್ಲಿ ಗುರುತು ಮಾಡಿಡಿ. ಒಬ್ಬರೇ ಹೋಗಬೇಡಿ, ಕನಿಷ್ಠ ನಾಲ್ಕು ಜನ ಇರಿ. ಆನೆ ಓಡಾಡುವ ಕಾಡಾದರೆ ರಾತ್ರಿ ಕಾಲ್ನಡಿಗೆಯ ನಿರ್ಧಾರವನ್ನು ಇಲಾಖೆಗೇ ಬಿಡಿ. ಆನೆ ಇದೆ ಅಂತ ಸುದ್ದಿ ಬಂದ ರಾತ್ರಿ ಚೀಟಿ ಏನೇ ಹೇಳಲಿ, ಹೋಗಬೇಡಿ.

ಕಡಿದ ಬುಡ ಮಾತ್ರ ಸಿಕ್ಕರೆ ಮುಟ್ಟಬೇಡಿ. ಗರಗಸದ ಪುಡಿಯ ಮೇಲೆ ಎಲೆ ಎಳೆದು ಮುಚ್ಚಿರುತ್ತಾರೆ. ಹೆಜ್ಜೆ ಗುರುತು, ಬೀಡಿ ತುಂಡು, ನೀರಿನ ಬಾಟಲಿ ಅಲ್ಲೇ ಬಿದ್ದಿರಬಹುದು. ನಾಲ್ಕು ಜನ ಹೋಗಿ ಸುತ್ತ ತುಳಿದರೆ ಎಲ್ಲ ಹೋಯಿತು. ಒಬ್ಬರು ಕಾವಲು ನಿಲ್ಲಲಿ ಅಂತಲೂ ಹೇಳುವುದಿಲ್ಲ, ಇಬ್ಬರು ನಿಲ್ಲಲಿ. ಉಳಿದಿಬ್ಬರು ಹೋಗಿ ಇಲಾಖೆಯವರನ್ನು ಕರೆತರಲಿ. ಹಂತ 4ರ ಆ ಅಂಕ 10 ಆಗುವುದೋ 2 ಆಗುವುದೋ ಈ ಒಂದು ಗಂಟೆಯಲ್ಲಿ ನಿರ್ಧಾರ ಆಗುತ್ತದೆ.

ಹಂತ 8: ಬರೆದಿಡಿ, ತಿಂಗಳಿಗೊಮ್ಮೆ ತಿದ್ದಿ

ಪ್ರತಿ ಗಸ್ತಿಗೂ ಒಂದು ಸಾಲು: ತಾರೀಕು, ತುಂಡು, ಹೊರಟ ಸಮಯ, ಬಂದ ಸಮಯ, ಕಂಡದ್ದು. ಏನೂ ಕಾಣದ ದಿನ "ಏನೂ ಇಲ್ಲ" ಅಂತಲೇ ಬರೆಯಿರಿ. ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಎಂ-ಸ್ಟ್ರೈಪ್ಸ್ ಎಂಬ ಆ್ಯಪ್‌ನಲ್ಲಿ ಸಿಬ್ಬಂದಿ ದಿನವೂ ಮಾಡುವುದು ಇಂಥದೇ ದಾಖಲೆ. ನಿಮಗೆ ನೋಟ್ ಪುಸ್ತಕ ಸಾಕು.

ತಿಂಗಳ ಕೊನೆಗೆ ಎಣಿಸುವಾಗ ಒಂದು ಮೋಸ ಹೋಗಬೇಡಿ. ರಸ್ತೆಬದಿಯಲ್ಲಿ 6 ಹೊಸ ಬುಡ, ದಿಣ್ಣೆಯಲ್ಲಿ 5 ಸಿಕ್ಕಿತು ಎಂದುಕೊಳ್ಳಿ. ರಸ್ತೆಬದಿಯೇ ಕೆಟ್ಟದ್ದು ಅನ್ನಿಸುತ್ತದೆ. ಆದರೆ ರಸ್ತೆಬದಿಗೆ 12 ಸಲ ಹೋಗಿದ್ದೀರಿ, ದಿಣ್ಣೆಗೆ 7 ಸಲ. ಒಂದು ಗಸ್ತಿಗೆ ಅರ್ಧ ಬುಡ ಒಂದು ಕಡೆ, ಮುಕ್ಕಾಲಿನ ಹತ್ತಿರ ಇನ್ನೊಂದು ಕಡೆ. ದಿಣ್ಣೆಯ ಅಂಕ ಏರಬೇಕು. ಹೋಗದ ಕಡೆ ಏನೂ ಸಿಗುವುದಿಲ್ಲ, ಸಿಗಲಿಲ್ಲ ಅಂದ ಮಾತ್ರಕ್ಕೆ ಅಲ್ಲಿ ಕಳ್ಳತನ ಇಲ್ಲ ಅಂತಲ್ಲ. ಉಗಾಂಡದಲ್ಲೂ ತಾಂಬೆ ಅವರ ತಂಡ ಸಿಬ್ಬಂದಿಯನ್ನು ಹೆಚ್ಚು ಗಸ್ತು ಹೋಗದ ಜಾಗಗಳಿಗೆ ಕಳಿಸಿ ನೋಡಿತು. ಅಲ್ಲಿ ಉರುಳುಗಳು ಸಿಕ್ಕವು.

ಇನ್ನೊಂದು, ಪಕ್ಕದ ಊರಿನವರ ಜೊತೆ ಮಾತಾಡಿ. ನಿಮ್ಮ ಕಾಡಿನಲ್ಲಿ ಸೆಳೆತ ಇಳಿದರೆ ಕಳ್ಳ ಕೆಲಸ ಬಿಡುವುದಿಲ್ಲ, ಗಡಿ ದಾಟುತ್ತಾನೆ. ಎರಡು ಊರಿನವರು ಸೇರಿ ಒಂದೇ ಪಟ್ಟಿಯಲ್ಲಿ ಅಂಕ ಕೊಟ್ಟು ಚೀಟಿ ಎತ್ತಿದರೆ ಇಬ್ಬರಿಗೂ ಒಳ್ಳೆಯದು.

ಜಮೀನಿನಲ್ಲಿ ಗಂಧ ಬೆಳೆದವರಿಗೆ

2001ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ನಿಮ್ಮ ಜಮೀನಿನ ಗಂಧದ ಮರಕ್ಕೆ ನೀವೇ ಒಡೆಯರು. ಕಾಯುವ ಹೊಣೆಯೂ ನಿಮ್ಮದೇ ಆಯಿತು. ಎರಡು ಎಕರೆಗೂ ಇದೇ ವಿಧಾನ ನಡೆಯುತ್ತದೆ. ತುಂಡುಗಳು ಚಿಕ್ಕದಾಗುತ್ತವೆ, ಅಷ್ಟೇ: ರಸ್ತೆ ಬೇಲಿ, ಹಳ್ಳದ ಬೇಲಿ, ನಡುವಿನ ಸಾಲು, ಪಂಪ್‌ಹೌಸ್ ಹಿಂದೆ. ಗಸ್ತಿಗಿಂತ ಇಲ್ಲಿ ಸಮಯದ ಚೀಟಿ ಮುಖ್ಯ. ರಾತ್ರಿ ಎರಡು ಸಲ ಎದ್ದು ಸುತ್ತುತ್ತೀರಿ ಎಂದಾದರೆ ಆ ಎರಡು ಹೊತ್ತು ಯಾವುದು ಅಂತ ಡಬ್ಬಿ ಹೇಳಲಿ. ಮರಗಳನ್ನು ಪಹಣಿಯಲ್ಲಿ ನಮೂದಿಸಿಕೊಳ್ಳಿ. ಪ್ರತಿ ಮರಕ್ಕೂ ನಂಬರ್ ಹಾಕಿ ಸುತ್ತಳತೆ ಬರೆದಿಡಿ. ಕಳವಾದಾಗ ಯಾವ ಮರ, ಎಷ್ಟು ದಪ್ಪ ಅಂತ ಹೇಳಲು ಆಗದೆ ದೂರು ಸಡಿಲವಾಗುವುದನ್ನು ನೋಡಿದ್ದೇನೆ. ಕ್ಯಾಮೆರಾ ಹಾಕಿಸುವವರು ಒಂದೆರಡು ಖಾಲಿ ಪೆಟ್ಟಿಗೆಯನ್ನೂ ಹಾಕಿಸಿ, ತಿಂಗಳಿಗೊಮ್ಮೆ ನಿಜವಾದ ಕ್ಯಾಮೆರಾದ ಜಾಗ ಬದಲಾಯಿಸಿ. ಯಾವ ಪೆಟ್ಟಿಗೆಯಲ್ಲಿ ಕ್ಯಾಮೆರಾ ಎನ್ನುವುದನ್ನೂ ಚೀಟಿ ಎತ್ತಿಯೇ ತೀರ್ಮಾನಿಸಿ.

ಕೊನೆಯದಾಗಿ, ಡಬ್ಬಿ ಯಾರ ಹತ್ತಿರ ಇರಬೇಕು ಅಂತ ಕೇಳುತ್ತಾರೆ. ಒಬ್ಬರ ಹತ್ತಿರವೇ ಕಾಯಂ ಬೇಡ. ಅವರ ಮೇಲೆ ಒತ್ತಡ ಬರುತ್ತದೆ, ಆಮಿಷವೂ ಬರುತ್ತದೆ. ಅವತ್ತಿನ ಪಾಳಿಯ ನಾಲ್ವರು ಸೇರಿದ ಮೇಲೆ, ನಾಲ್ವರ ಎದುರೇ ಮುಚ್ಚಳ ತೆಗೆಯಿರಿ. ಚೀಟಿ ಓದಿದ ಮೇಲೆ ಗಸ್ತು ಮುಗಿಯುವ ತನಕ, ಇಲಾಖೆಗೆ ಫೋನ್ ಮಾಡುವುದನ್ನು ಬಿಟ್ಟು, ಎಲ್ಲರ ಫೋನೂ ಜೇಬಿನಲ್ಲೇ ಇರಲಿ.